ಸಣ್ಣ ರಿವಾಲ್ವರ್‌ಗೆ ಯಾವ ಕ್ಯಾಲಿಬರ್? ತಕ್ಕಡಿಯಿಂದ ಶುರುಮಾಡೋಣ

ಸಣ್ಣ ರಿವಾಲ್ವರ್ ಕೊಳ್ಳಬೇಕು ಅನ್ನುವವರು ಮೊದಲು ಕೇಳುವುದು ಕ್ಯಾಲಿಬರನ್ನು, ಅಂದರೆ ಗುಂಡಿನ ದಪ್ಪದಿಂದ ಹೆಸರು ಪಡೆದ ತೋಟಾದ ಬಗೆಯನ್ನು: ".38 ಒಳ್ಳೆಯದೋ, .357 ಒಳ್ಳೆಯದೋ" ಅಂತ. ನಾನು ತಿರುಗಿ ಕೇಳುವುದು "ಕೋವಿ ಎಷ್ಟು ಗ್ರಾಂ?" ಅಂತ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗುಂಡಿನ ವೇಗ, ಶಕ್ತಿ ಎಲ್ಲ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆ ಶಕ್ತಿಯನ್ನು ತಡೆದುಕೊಳ್ಳಬೇಕಾದ ಲೋಹ ಎಷ್ಟು ತೂಗುತ್ತದೆ ಅನ್ನುವುದರ ಕಡೆ ಯಾರ ಗಮನವೂ ಹೋಗಿರುವುದಿಲ್ಲ. ದೊಡ್ಡ ರಿವಾಲ್ವರ್‌ನಲ್ಲಿ ಇದನ್ನು ಮರೆತರೂ ನಡೆಯುತ್ತದೆ. ಅಂಗೈಯಷ್ಟೇ ಉದ್ದದ, ಎರಡು ಇಂಚಿಗಿಂತ ಕಡಿಮೆ ನಳಿಗೆಯ ಕೋವಿಯಲ್ಲಿ ನಡೆಯುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿ ತಕ್ಕಡಿಯಿಂದ ಶುರುವಾಗುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಯಾವ ಕ್ಯಾಲಿಬರ್ ಇಟ್ಟುಕೊಳ್ಳಬಹುದು, ಹೊತ್ತು ತಿರುಗಬಹುದೇ, ಯಾವ ಬಗೆಯ ಗುಂಡಿಗೆ ಅನುಮತಿಯಿದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಕೆಲವೆಡೆ ಸೈನ್ಯ ಬಳಸುವ ಕ್ಯಾಲಿಬರ್ ನಾಗರಿಕರಿಗೆ ನಿಷಿದ್ಧ, ಕೆಲವೆಡೆ ಟೊಳ್ಳುಮೂತಿಯ (ತುದಿಯಲ್ಲಿ ಕುಳಿಯಿದ್ದು, ತಾಗಿದಾಗ ಅರಳುವ) ಗುಂಡು ನಿಷಿದ್ಧ. ಪರವಾನಗಿಯ ಷರತ್ತನ್ನು ಓದಿಕೊಂಡು, ಅದು ಬಿಟ್ಟುಕೊಟ್ಟ ಜಾಗದೊಳಗೆ ಮಾತ್ರ ಮುಂದಿನದೆಲ್ಲ.

ಹೆಜ್ಜೆ 1: ಹೆಸರುಗಳ ಗೋಜಲು ಬಿಡಿಸಿಕೊಳ್ಳಿ

ನಾವು ಮಾತಿನಲ್ಲಿ ಎಲ್ಲವನ್ನೂ ಗುಂಡು ಅಂದುಬಿಡುತ್ತೇವೆ. ಇಲ್ಲಿ ಮಾತ್ರ ತೋಟಾ ಎಂದರೆ ಹಿತ್ತಾಳೆಯ ಕೊಳವೆ, ಮದ್ದು, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಮಸಾಲೆ), ಗುಂಡು ಎಲ್ಲ ಸೇರಿದ್ದು. ಗುಂಡು ಎಂದರೆ ತುದಿಯಿಂದ ಹಾರಿಹೋಗುವ ಲೋಹ ಅಷ್ಟೇ. ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ, 158 ಗ್ರೇನ್ ಅಂದರೆ 10 ಗ್ರಾಂಗಿಂತ ಸ್ವಲ್ಪ ಹೆಚ್ಚು.

ಕ್ಯಾಲಿಬರ್‌ನ ಹೆಸರಿನಲ್ಲಿರುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. .38 ಸ್ಪೆಷಲ್ ಗುಂಡಿನ ವ್ಯಾಸ .38 ಇಂಚಲ್ಲ, .357 ಇಂಚು. ಹಳೆಯ ಕಾಲದಲ್ಲಿ ಗುಂಡು ಕೊಳವೆಯಷ್ಟೇ ದಪ್ಪವಿತ್ತು, ಹೆಸರು ಆಗಿನದು ಉಳಿದುಕೊಂಡಿದೆ. .357 ಮ್ಯಾಗ್ನಮ್‌ನ ಗುಂಡಿಗೂ ಅದೇ ವ್ಯಾಸ. 1930ರ ದಶಕದ ನಡುವೆ ಬಂದ ಮ್ಯಾಗ್ನಮ್‌ನ ಕೊಳವೆಯನ್ನು ಬೇಕೆಂದೇ ಸುಮಾರು 3.4 ಮಿಲಿಮೀಟರ್ ಉದ್ದ ಮಾಡಿದರು, ಯಾರೂ ಅದನ್ನು ಹಳೆಯ .38 ಕೋವಿಗೆ ತುರುಕದಿರಲಿ ಅಂತ. ಆದ್ದರಿಂದ .357 ಕೋವಿಯಲ್ಲಿ .38 ಸ್ಪೆಷಲ್ ಹಾರಿಸಬಹುದು, ಅದಲುಬದಲು ಮಾಡುವಂತಿಲ್ಲ. .38 ಎಸ್ ಅಂಡ್ ಡಬ್ಲ್ಯು ಎಂಬ ಇನ್ನೊಂದಿದೆ. ಅದು ಗಿಡ್ಡ, ಸ್ವಲ್ಪ ದಪ್ಪ. ಹೆಸರು ಹತ್ತಿರವಾದರೂ ನೆಂಟಸ್ತಿಕೆ ಇಲ್ಲ. ನಳಿಗೆಯ ಮೇಲೆ ಕೆತ್ತಿದ್ದನ್ನು ಪೂರ್ತಿ ಓದಿ, ಪೆಟ್ಟಿಗೆಯ ಮೇಲಿನದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ.

ಹೆಜ್ಜೆ 2: ಕೋವಿಯನ್ನು ತೂಗಿ

ಐದು ಗುಂಡಿನ ಸಣ್ಣ ರಿವಾಲ್ವರ್‌ಗಳು ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿದ್ದರೂ ತೂಕದಲ್ಲಿ ಅಜಗಜಾಂತರ. 1950ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್‌ನ ಚೀಫ್ಸ್ ಸ್ಪೆಷಲ್ ಪೂರಾ ಉಕ್ಕಿನದು, ಸುಮಾರು 550 ಗ್ರಾಂ. ಅದೇ ಕಂಪನಿಯ ಅಲ್ಯೂಮಿನಿಯಂ ಚೌಕಟ್ಟಿನ 642 ಸುಮಾರು 420 ಗ್ರಾಂ. ಸ್ಕ್ಯಾಂಡಿಯಂ ಬೆರೆಸಿದ ಚೌಕಟ್ಟು, ಟೈಟೇನಿಯಂ ಸಿಲಿಂಡರ್ (ತೋಟಾಗಳನ್ನು ಹಿಡಿದು ತಿರುಗುವ ಉರುಳೆ) ಇರುವ 340 ಪಿಡಿ ಇನ್ನೂ ಕಡಿಮೆ, 340 ಗ್ರಾಂ ಆಸುಪಾಸು. ಇತ್ತ ಉಕ್ಕಿನ ಗಟ್ಟಿಮುಟ್ಟಾದ ಸಣ್ಣ .357ಗಳು 700 ಗ್ರಾಂ ದಾಟುತ್ತವೆ.

ಒದೆತದ ಲೆಕ್ಕ ಹೈಸ್ಕೂಲಿನ ಭೌತಶಾಸ್ತ್ರವೇ. ಗುಂಡು ಮತ್ತು ಮದ್ದಿನ ಹೊಗೆ ಮುಂದಕ್ಕೆ ಒಯ್ಯುವ ಸಂವೇಗ ಎಷ್ಟೋ ಅಷ್ಟೇ ಕೋವಿಗೆ ಹಿಂದಕ್ಕೆ. ಸಂವೇಗ ಒಂದೇ ಇದ್ದಾಗ ಕೋವಿ ಹಗುರಾದಷ್ಟೂ ಒದೆತದ ಶಕ್ತಿ ಹೆಚ್ಚು. 158 ಗ್ರೇನ್ ಗುಂಡಿನ ಸಾಧಾರಣ .38 ಸ್ಪೆಷಲ್ ಗಿಡ್ಡ ನಳಿಗೆಯಿಂದ ಸೆಕೆಂಡಿಗೆ 215 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಹೊಗೆಯನ್ನೂ ಅಂದಾಜಿಗೆ ಸೇರಿಸಿದರೆ ಒದೆತ 550 ಗ್ರಾಂ ಕೋವಿಯಲ್ಲಿ ಸುಮಾರು 6 ಜೂಲ್, 420 ಗ್ರಾಂನಲ್ಲಿ 7ರಿಂದ 8, 340 ಗ್ರಾಂನಲ್ಲಿ 9. ಇನ್ನು 125 ಗ್ರೇನ್‌ನ ಪೂರ್ಣಶಕ್ತಿಯ .357 ತೆಗೆದುಕೊಳ್ಳಿ. 700 ಗ್ರಾಂ ಕೋವಿಯಲ್ಲಿ 14 ಜೂಲ್, 340 ಗ್ರಾಂನದರಲ್ಲಿ 28 ಜೂಲ್. ಕಾಗದದ ಮೇಲಿನ ಒರಟು ಲೆಕ್ಕ ನಿಜ, ಆದರೂ ಉಕ್ಕಿನ.38ಕ್ಕೂ ಗರಿಯಂಥ .357ಕ್ಕೂ ನಡುವೆ ಸುಮಾರು ಐದು ಪಟ್ಟು ಅಂತರ ಅನ್ನುವುದು ಕೈಗೂ ಸರಿಯಾಗಿಯೇ ತಿಳಿಯುತ್ತದೆ.

ಅಂಥ ಹಗುರ .357 ಒಂದನ್ನು ನಾನು ಒಮ್ಮೆ ಹಾರಿಸಿದ್ದೇನೆ. ಮೊದಲ ಗುಂಡಿಗೆ ಹೆಬ್ಬೆರಳಿನ ಬುಡದ ಚರ್ಮ ಸುಲಿಯಿತು. ಎರಡನೆಯದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಕಣ್ಣು ಮುಚ್ಚಿದ್ದೆ. ಮೂರನೆಯದನ್ನು ಹಾರಿಸುವ ಮನಸ್ಸಾಗಲಿಲ್ಲ. ಕೋವಿಯಲ್ಲಿ ದೋಷವೇನೂ ಇರಲಿಲ್ಲ. ಐದರಲ್ಲಿ ಮೂರು ಗುಂಡು ಸಿಲಿಂಡರಿನಲ್ಲೇ ಉಳಿಸಿಕೊಂಡವನ ಕೈಗೆ ಮ್ಯಾಗ್ನಮ್‌ನ ಶಕ್ತಿ ಯಾವ ಉಪಯೋಗಕ್ಕೂ ಬರಲಿಲ್ಲ, ಅಷ್ಟೇ.

ಟ್ರಿಗರ್‌ನ ತೂಕವೂ ಇದೇ ಲೆಕ್ಕಕ್ಕೆ ಸೇರಬೇಕು. ಸುತ್ತಿಗೆ (ಪ್ರೈಮರ್‌ಗೆ ಬಡಿಯುವ ಹಿಂಬದಿಯ ಭಾಗ) ಎತ್ತದೆ ನೇರ ಎಳೆದು ಹಾರಿಸುವ ರಿವಾಲ್ವರ್‌ನ ಟ್ರಿಗರ್‌ಗೆ ಬೇಕಾದ ಬಲ ಸಾಮಾನ್ಯವಾಗಿ 4.5ರಿಂದ 5.5 ಕಿಲೋ. ಅರ್ಧ ಕಿಲೋ ಕೂಡ ಇಲ್ಲದ ವಸ್ತುವನ್ನು ಐದು ಕಿಲೋ ಬಲದಿಂದ ಎಳೆಯುತ್ತಾ ಅಲುಗದಂತೆ ಹಿಡಿಯಬೇಕು! ಗುರಿ ತಪ್ಪುವುದು ಅರ್ಧ ಇದರಿಂದ, ಇನ್ನರ್ಧ ಒದೆತದ ಭಯದಿಂದ. ಮೊದಲನೆಯದನ್ನು ಅಭ್ಯಾಸ ತಿದ್ದುತ್ತದೆ. ಎರಡನೆಯದನ್ನು ನೀವು ಅಂಗಡಿಯಲ್ಲೇ, ಕ್ಯಾಲಿಬರ್ ಆರಿಸುವಾಗಲೇ ತಿದ್ದಬೇಕು.

ಹೆಜ್ಜೆ 3: ತೂಕಕ್ಕೆ ಹೊಂದುವ ಕ್ಯಾಲಿಬರ್ ಹುಡುಕಿ

.38 ಸ್ಪೆಷಲ್: ಬೇರೇನೂ ಯೋಚಿಸಲು ಇಷ್ಟವಿಲ್ಲದವರು ಇದನ್ನು ತೆಗೆದುಕೊಂಡು ಇಲ್ಲಿಗೇ ಓದು ನಿಲ್ಲಿಸಬಹುದು. 19ನೆಯ ಶತಮಾನದ ಕೊನೆಗೆ, ಕರಿಮದ್ದಿನ ಕಾಲದಲ್ಲಿ ಹುಟ್ಟಿದ್ದು. ಆ ಕಾರಣಕ್ಕೆ ಕೊಳವೆಯೊಳಗೆ ಜಾಗ ಧಾರಾಳ, ಒತ್ತಡ ಕಡಿಮೆ: ಮಿತಿ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). .357 ಮ್ಯಾಗ್ನಮ್‌ನದು 35,000. ಈ ಸೌಮ್ಯ ಒತ್ತಡವೇ ಹಗುರ ಕೋವಿಯಲ್ಲಿ ವರ. 1927ರ ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್‌ನಿಂದ ಇಂದಿನವರೆಗೆ ಗಿಡ್ಡ ರಿವಾಲ್ವರ್ ಅಂದರೆ .38 ಎಂದಾಗಿರುವುದು ಬರೀ ರೂಢಿಯಿಂದಲ್ಲ. ಗುರಿ ಅಭ್ಯಾಸದ ಮೆತ್ತನೆಯ ತೋಟಾದಿಂದ ಹಿಡಿದು ಖಾರದ ತೋಟಾದವರೆಗೆ ಇದರಲ್ಲಿ ಸಿಗುವಷ್ಟು ಬಗೆ ಇನ್ನೊಂದರಲ್ಲಿ ಸಿಗುವುದಿಲ್ಲ.

ಪೆಟ್ಟಿಗೆಯ ಮೇಲೆ ‘ಪ್ಲಸ್ ಪಿ’ ಎಂದಿದ್ದರೆ ಒತ್ತಡ ಮಾಮೂಲಿಗಿಂತ ಹೆಚ್ಚು ಎಂದರ್ಥ. ಈಗಿನ ಬಹುತೇಕ ಕೋವಿಗಳು ಅದನ್ನು ತಡೆಯುತ್ತವೆ, ಹಳೆಯ ಅಲ್ಯೂಮಿನಿಯಂ ಚೌಕಟ್ಟಿನವು ತಡೆಯಲಿಕ್ಕಿಲ್ಲ. ನಳಿಗೆಯ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿಲ್ಲದಿದ್ದರೆ ಹಾಕಬೇಡಿ.

.357 ಮ್ಯಾಗ್ನಮ್: ಇದರ ಹೆಸರು ಬಂದದ್ದು ಉದ್ದ ನಳಿಗೆಯಿಂದ. ನಿಧಾನವಾಗಿ ಉರಿಯುವ ಮದ್ದು ಪೂರ್ತಿ ಉರಿಯಲು ನಳಿಗೆಯ ಉದ್ದ ಬೇಕು. ಎರಡು ಇಂಚಿನಲ್ಲಿ ಒಂದಷ್ಟು ಮದ್ದು ಮೂತಿಯ ಹೊರಗೆ ಬೆಂಕಿಯ ಚೆಂಡಾಗಿ ಉರಿಯುತ್ತದೆ. ವೇಗ ಹೋಯಿತು, ಬೆಳಕು ಮತ್ತು ಸದ್ದು ಬಂತು. ಕತ್ತಲಲ್ಲಿ ಕಣ್ಣು ಕೋರೈಸುತ್ತದೆ, ಮುಚ್ಚಿದ ಕೋಣೆಯಲ್ಲಿ ಕಿವಿ ಗುಂಯ್ ಅನ್ನುತ್ತದೆ. ಯಾವ ಕೈಕೋವಿಯ ಸದ್ದೂ ಕಿವಿಗೆ ಸಲ್ಲದು, ಕಿವಿ ರಕ್ಷಕವಿಲ್ಲದೆ ಅಭ್ಯಾಸ ಬೇಡವೇ ಬೇಡ. ಇದರದ್ದಂತೂ ಇನ್ನೂ ಕೆಟ್ಟದ್ದು.

ಹಾಗಂತ .357 ಕೋವಿಯೇ ಬೇಡ ಎನ್ನುತ್ತಿಲ್ಲ. 700 ಗ್ರಾಂನ ಉಕ್ಕಿನ .357 ಕೊಂಡು ಅದರಲ್ಲಿ .38 ಪ್ಲಸ್ ಪಿ ಹಾರಿಸುವುದು ಬಹಳ ಜಾಣ ಏರ್ಪಾಡು. ತೂಕ ಒದೆತವನ್ನು ನುಂಗುತ್ತದೆ, ಕೋವಿಗೆ ಬಾಳಿಕೆ. ಒಂದೇ ತಾಪತ್ರಯ: ಗಿಡ್ಡ .38 ಕೊಳವೆಗಳನ್ನು ನೂರಾರು ಹಾರಿಸಿದ ಮೇಲೆ ಖಾನೆಯೊಳಗೆ (ಸಿಲಿಂಡರಿನಲ್ಲಿ ತೋಟಾ ಕೂರುವ ತೂತಿನೊಳಗೆ) ಮಸಿ ಬಳೆಯ ಹಾಗೆ ಕಟ್ಟಿಕೊಳ್ಳುತ್ತದೆ, ಆಮೇಲೆ ಉದ್ದನೆಯ .357 ಒಳಗಿಳಿಯಲು ಮೊಂಡುತನ ಮಾಡುತ್ತದೆ. ಖಾನೆಯ ಬ್ರಷ್ ಹಾಕಿ ತಿಕ್ಕಿದರೆ ಸರಿಹೋಗುತ್ತದೆ.

.32ರ ಕುಟುಂಬ: ನನ್ನ ಮಟ್ಟಿಗೆ ಜನ ವಿನಾಕಾರಣ ಮರೆತಿರುವ ದಾರಿ ಇದು. ಗುಂಡಿನ ವ್ಯಾಸ .312 ಇಂಚು, ಸುಮಾರು 7.9 ಮಿಲಿಮೀಟರ್. ತೆಳ್ಳಗಿರುವುದರಿಂದ ಐದು .38 ಹಿಡಿಯುವ ಸಿಲಿಂಡರಿನಲ್ಲಿ ಆರು ಹಿಡಿಯುತ್ತವೆ. ಒಂದೇ ವ್ಯಾಸದ ಅಣ್ಣತಮ್ಮಂದಿರು ಸಾಲಾಗಿ ನಿಂತ ಹಾಗಿದೆ: 19ನೆಯ ಶತಮಾನದ .32 ಎಸ್ ಅಂಡ್ ಡಬ್ಲ್ಯು ಲಾಂಗ್, 1984ರ .32 ಎಚ್ ಅಂಡ್ ಆರ್ ಮ್ಯಾಗ್ನಮ್, 2000ದ ದಶಕದ ಕೊನೆಯ .327 ಫೆಡರಲ್ ಮ್ಯಾಗ್ನಮ್. ಒಂದಕ್ಕಿಂತ ಒಂದು ಉದ್ದ. ಆದ್ದರಿಂದ .327ರ ಕೋವಿಯಲ್ಲಿ ಉಳಿದೆರಡನ್ನೂ ಹಾರಿಸಬಹುದು. ಲಾಂಗ್ ತೀರಾ ಮೃದು, ಕೈಯ ಬಲ ಕಡಿಮೆಯಾದವರಿಗೆ, ಸಂಧಿವಾತ ಇರುವವರಿಗೆ ಒಗ್ಗುತ್ತದೆ. ಎಚ್ ಅಂಡ್ ಆರ್ ನಡುವಿನದು, ಸಣ್ಣ ಕೋವಿಗೆ ನನಗೆ ಬಲು ಹಿಡಿಸಿದ್ದು. .327 ಮಾತ್ರ 45,000 ಪಿಎಸ್‌ಐ ಒತ್ತಡದ ಪುಂಡ, ಸದ್ದು.357ಕ್ಕೆ ಸರಿಸಮ. ಇವುಗಳ ಕೊರತೆ ಒಂದೇ, ತೋಟಾ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಸುಲಭವಾಗಿ ಸಿಗದ ತೋಟಾದಲ್ಲಿ ಅಭ್ಯಾಸ ನಡೆಯುವುದಿಲ್ಲ, ಕೊಳ್ಳುವ ಮೊದಲು ವಿಚಾರಿಸಿ.

9 ಎಂಎಂ: ಪಿಸ್ತೂಲಿನ ತೋಟಾ, 1902ರದು. ಗಿಡ್ಡ ಕೊಳವೆ, ಬೇಗ ಉರಿಯುವ ಮದ್ದು, ಹೀಗಾಗಿ ಗಿಡ್ಡ ನಳಿಗೆಯಲ್ಲೂ .38ಕ್ಕಿಂತ ಚುರುಕು. ಆದರೆ ಕೊಳವೆಯ ಬುಡದಲ್ಲಿ ಹೊರಚಾಚಿದ ಅಂಚಿಲ್ಲ, ಖಾಲಿ ಕೊಳವೆಗಳನ್ನು ಹೊರತಳ್ಳುವ ನಕ್ಷತ್ರಾಕಾರದ ತುಂಡಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದಕ್ಕೇ ಬಹುತೇಕ ಕೋವಿಗಳಲ್ಲಿ ಪೂರ್ಣಚಂದ್ರದ ಆಕಾರದ ತೆಳು ಉಕ್ಕಿನ ಮೂನ್ ಕ್ಲಿಪ್‌ಗೆ ಐದನ್ನೂ ಸಿಕ್ಕಿಸಿ ತುಂಬಬೇಕು. ತುಂಬುವುದೂ ಖಾಲಿ ಮಾಡುವುದೂ ಒಂದೇ ಏಟಿಗೆ ಆಗುತ್ತದೆ, ಅದು ಲಾಭ. ಜೇಬಿನಲ್ಲಿಟ್ಟ ಕ್ಲಿಪ್ ಒಂದಿಷ್ಟು ಬಾಗಿದರೂ ಸಿಲಿಂಡರ್ ತಿರುಗದೆ ಕಚ್ಚಿಕೊಳ್ಳುತ್ತದೆ, ಅದು ನಷ್ಟ. ಮನೆಯಲ್ಲಿ ಈಗಾಗಲೇ 9 ಎಂಎಂ ಪಿಸ್ತೂಲಿದ್ದು ತೋಟಾ ಒಂದೇ ಇರಲಿ ಅನ್ನುವವರಿಗೆ ಸರಿ.

.22: ಒದೆತವೇ ಇಲ್ಲ ಎನ್ನಬೇಕು, ಎಂಟು ತೋಟಾ ಹಿಡಿಯುತ್ತದೆ, ಅಭ್ಯಾಸಕ್ಕೆ ಅಗ್ಗ. ಆದರೆ ಇದರ ಪ್ರೈಮರ್ ಮಸಾಲೆ ಬುಡದ ಅಂಚಿನೊಳಗೆ ಹರಡಿಕೊಂಡಿರುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುವುದಿಲ್ಲ. ರಿವಾಲ್ವರ್‌ನಲ್ಲಿ ಟ್ರಿಗರ್ ಮತ್ತೆ ಎಳೆದರೆ ಮುಂದಿನದು ಬರುತ್ತದೆ, ಅದೊಂದು ಸಮಾಧಾನ. ಅಂಚನ್ನು ಜಜ್ಜಲು ಗಟ್ಟಿ ಸ್ಪ್ರಿಂಗ್ ಬೇಕಾದ್ದರಿಂದ ಟ್ರಿಗರ್ ಹಲವು ಸಲ .38ಕ್ಕಿಂತಲೂ ಬಿಗಿ. ಒದೆತ ತಾಳದ ಕೈಗೆ ಇದು ಉತ್ತರವಾಗಬಹುದು, ಬೆರಳಿನಲ್ಲೇ ಬಲವಿಲ್ಲದ ಕೈಗೆ ಆಗದು. .22 ಮ್ಯಾಗ್ನಮ್ 1959ರದು, ಇನ್ನೂ ಸ್ವಲ್ಪ ಜೋರು. ಅದರ ಖಾನೆ ಅಗಲ, ಅದರಲ್ಲಿ ಮಾಮೂಲಿ.22 ಹಾಕಬೇಡಿ.

.44 ಸ್ಪೆಷಲ್‌ನಂಥ ದಪ್ಪ ಗುಂಡಿನ ಸಣ್ಣ ಕೋವಿಗಳೂ ಇವೆ. ಇಷ್ಟಪಡುವವರು ಇದ್ದಾರೆ, ಅವರು ಈ ಮಾರ್ಗದರ್ಶಿ ಓದುವವರಲ್ಲ.

ಹೆಜ್ಜೆ 4: ಕ್ಯಾಲಿಬರ್‌ನೊಳಗೆ ಗುಂಡು ಆರಿಸಿ

1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಇಬ್ಬರು ಏಜೆಂಟರನ್ನು ಕಳೆದುಕೊಂಡಿತು. ಆಮೇಲೆ ಅದು ಗುಂಡುಗಳನ್ನು ಮೈಯ ಮಾಂಸಕ್ಕೆ ಬದಲಾಗಿ ಜೆಲಾಟಿನ್ ಗಡ್ಡೆಗೆ ಹಾರಿಸಿ ಅಳೆಯುವ ಕ್ರಮ ರೂಪಿಸಿತು. 12ರಿಂದ 18 ಇಂಚು, ಅಂದರೆ 30ರಿಂದ 46 ಸೆಂಟಿಮೀಟರ್ ಆಳ ಸರಿಯಾದದ್ದು ಎಂಬುದು ಅದರ ಅಳತೆಗೋಲು. ಕಡಿಮೆಯಾದರೆ ಕೆಲಸಕ್ಕೆ ಬಾರದು. ತೀರಾ ಹೆಚ್ಚಾದರೆ ಹಿಂದಿರುವವರಿಗೆ ಅಪಾಯ.

ಗಿಡ್ಡ ನಳಿಗೆಯ ಕಷ್ಟ ಇಲ್ಲಿ ಕಾಣುತ್ತದೆ. ಟೊಳ್ಳುಮೂತಿಯ ಗುಂಡು ಅರಳಬೇಕಾದರೆ ವೇಗ ಬೇಕು. ಎರಡು ಇಂಚಿನ ನಳಿಗೆ ಅದನ್ನು ಕೊಡಲು ಒದ್ದಾಡುತ್ತದೆ. ದಪ್ಪ ಬಟ್ಟೆ ಟೊಳ್ಳಿಗೆ ತುಂಬಿಕೊಂಡರೆ ಗುಂಡು ಅರಳದೆ ಹೋಗಬಹುದು. .38ರಲ್ಲಿ ಎರಡು ದಾರಿಗಳಿವೆ. ಗಿಡ್ಡ ನಳಿಗೆಗೆಂದೇ ಮಾಡಿದ ಟೊಳ್ಳುಮೂತಿ ಪ್ಲಸ್ ಪಿ ಒಂದು. ಸ್ಪೀರ್ ಕಂಪನಿಯ 135 ಗ್ರೇನ್ ಗೋಲ್ಡ್ ಡಾಟ್ ಇದಕ್ಕೆ ಪ್ರಸಿದ್ಧ. ಇನ್ನೊಂದು, 148 ಗ್ರೇನ್‌ನ ವಾಡ್‌ಕಟರ್. ಇದು ಮೂತಿಯೇ ಇಲ್ಲದ ಚಪ್ಪಟೆ ಸೀಸದ ಉರುಳೆ, ಕಾಗದದ ಗುರಿಯಲ್ಲಿ ದುಂಡಗೆ ತೂತು ಕತ್ತರಿಸಲೆಂದು ಮಾಡಿದ್ದು. ಅರಳುವ ಆಸೆಯನ್ನೇ ಬಿಟ್ಟು ನೇರವಾಗಿ ಸಾಕಷ್ಟು ಆಳಕ್ಕಿಳಿಯುತ್ತದೆ, ಒದೆತ ತೀರಾ ಮೃದು. 420 ಗ್ರಾಂನ ಕೋವಿ ಹೊತ್ತವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದು ಕಿರಿಕಿರಿ ಇದೆ: ಚಪ್ಪಟೆ ಮುಖ ಖಾನೆಯ ಅಂಚಿಗೆ ತಾಗುತ್ತದೆ, ಮತ್ತೆ ತುಂಬುವಾಗ ಬೆರಳು ತಡವರಿಸುತ್ತದೆ. ಕೋವಿಯೊಳಗೆ ವಾಡ್‌ಕಟರ್, ಜೊತೆಗೊಯ್ಯುವ ಐದು ಮಾತ್ರ ದುಂಡುಮೂತಿಯವು ಎಂದು ಇಟ್ಟುಕೊಳ್ಳುವವರಿದ್ದಾರೆ.

ಗುರಿಕಣ್ಣಿನ ವಿಷಯ ಮರೆಯಬೇಡಿ. ಸಣ್ಣ ರಿವಾಲ್ವರ್‌ನ ಗುರಿಕಣ್ಣು ಸಾಮಾನ್ಯವಾಗಿ ಅಲ್ಲಾಡಿಸಲು ಬಾರದು. ಭಾರದ ನಿಧಾನ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಒದೆತಕ್ಕೆ ಮೂತಿ ಮೇಲೇಳುತ್ತದೆ, ಏಟು ಮೇಲೆ ಬೀಳುತ್ತದೆ. ಹಗುರದ ವೇಗದ ಗುಂಡು ಕೆಳಗೆ ಬೀಳುತ್ತದೆ. ನಿಮ್ಮ ಕೋವಿಯ ಕಣ್ಣಿಗೆ ಯಾವ ತೂಕ ಹೊಂದುತ್ತದೋ ಅದರ ಸುತ್ತಮುತ್ತಲೇ ಆಯ್ಕೆ ನಿಲ್ಲಲಿ.

ಹೆಜ್ಜೆ 5: ಕೊಳ್ಳುವ ಮುನ್ನ ಹಾರಿಸಿ ನೋಡಿ

ಅಭ್ಯಾಸದ ಮೈದಾನದಲ್ಲಿ ಬಾಡಿಗೆಗೆ ಸಿಗುವುದಾದರೆ, ಇಲ್ಲವೇ ಪರವಾನಗಿ ಇರುವ ಗೆಳೆಯರಿದ್ದರೆ, ಎರಡು ತೂಕದ ಕೋವಿ ಮತ್ತು ಎರಡು ಬಗೆಯ ತೋಟಾ ಹಿಡಿದು ಹೋಗಿ. 7 ಮೀಟರ್ ದೂರದಲ್ಲಿ ಒಂದು ತಟ್ಟೆಯಷ್ಟು ಅಗಲದ ವೃತ್ತ ಸಾಕು. ಸುತ್ತಿಗೆ ಎತ್ತದೆ, ಎರಡು ಕೈಯಲ್ಲಿ ಹಿಡಿದು, ಐದು ಗುಂಡು. ಮೊದಲು ಆತುರವಿಲ್ಲದೆ. ಆಮೇಲೆ ಗುರಿಕಣ್ಣು ವಾಪಸು ಗುರಿಗೆ ಬಂದ ಕೂಡಲೇ ಮುಂದಿನದು. ಎರಡನೆಯ ಸುತ್ತಿನ ಐದೂ ವೃತ್ತದೊಳಗಿವೆಯೇ? ಇಲ್ಲದಿದ್ದರೆ ತೋಟಾ ಮೆತ್ತಗೆ ಮಾಡಿ ಅಥವಾ ಕೋವಿ ಭಾರ ಮಾಡಿ, ಮತ್ತೆ ನೋಡಿ.

ನಡುವೆ ಒಂದು ತಂತ್ರ. ಗೆಳೆಯರ ಕೈಯಲ್ಲಿ ಸಿಲಿಂಡರ್ ತುಂಬಿಸಿ: ಮೂರು ನಿಜದವು, ಎರಡು ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ನಕಲಿ ತೋಟಾ, ಯಾವುದು ಎಲ್ಲಿ ಅಂತ ನಿಮಗೆ ಗೊತ್ತಿರಬಾರದು. ನಕಲಿಯ ಮೇಲೆ ಸುತ್ತಿಗೆ ಬಿದ್ದಾಗ ಮೂತಿ ಕೆಳಗೆ ಕುಕ್ಕಿದರೆ, ನೀವು ಒದೆತಕ್ಕೆ ಮೊದಲೇ ಹೆದರಿ ಕೈ ಬಿಗಿಯುತ್ತಿದ್ದೀರಿ. ದೊಡ್ಡ ಕ್ಯಾಲಿಬರ್‌ನಲ್ಲಿ ಕುಕ್ಕಿ ಸಣ್ಣದರಲ್ಲಿ ಕುಕ್ಕದಿದ್ದರೆ ಉತ್ತರ ಸಿಕ್ಕಿತು.

ಇಡೀ ಒಂದು ಪೆಟ್ಟಿಗೆ, ಐವತ್ತು, ಹಾರಿಸಿದ ಮೇಲೆ ಇನ್ನೊಂದು ತೆರೆಯುವ ಮನಸ್ಸು ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ನೋಯಿಸುವ ಕೋವಿಯನ್ನು ಯಾರೂ ಅಭ್ಯಾಸಕ್ಕೆ ಒಯ್ಯುವುದಿಲ್ಲ, ಬೀರುವಿನಲ್ಲಿಡುತ್ತಾರೆ.

ಹೆಜ್ಜೆ 6: ಐದನೆಯ ತೋಟಾವನ್ನು ಅಳೆಯಿರಿ

ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಹಗುರ ಕೋವಿ ಒದ್ದಾಗ, ಇನ್ನೂ ಹಾರದೆ ಸಿಲಿಂಡರಿನಲ್ಲಿರುವ ತೋಟಾಗಳ ಕೊಳವೆ ಕೋವಿಯ ಜೊತೆ ಹಿಂದಕ್ಕೆ ಜಿಗಿಯುತ್ತದೆ. ಗುಂಡು ಮಾತ್ರ ಜಡತ್ವದಿಂದ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಪ್ರತಿ ಒದೆತಕ್ಕೂ ಕೂದಲೆಳೆಯಷ್ಟು ಹೊರಗೆ ಬರುತ್ತದೆ. ಸಾಕಷ್ಟು ಬಂದರೆ ಸಿಲಿಂಡರಿನ ಮುಂಭಾಗದಿಂದ ಇಣುಕಿ, ಚೌಕಟ್ಟಿಗೆ ತಾಗಿ, ಸಿಲಿಂಡರ್ ತಿರುಗುವುದೇ ನಿಲ್ಲುತ್ತದೆ.

ಪರೀಕ್ಷೆ ಹೀಗೆ. ಒಂದು ತೋಟಾದ ಬುಡಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಕ್ಯಾಲಿಪರ್ ಎಂಬ ಅಳತೆಯ ಇಕ್ಕಳದಿಂದ ಒಟ್ಟು ಉದ್ದ ಅಳೆದು ಬರೆದುಕೊಳ್ಳಿ. ಅದು ಕೊನೆಗೆ ಬರುವಂತೆ ತುಂಬಿ, ಉಳಿದ ನಾಲ್ಕನ್ನು ಹಾರಿಸಿ. ಮೂತಿ ಗುರಿಯ ಕಡೆಗೇ ಇರಲಿ, ಸಿಲಿಂಡರ್ ತೆರೆದು ಗೆರೆಯ ತೋಟಾ ತೆಗೆದು ಮತ್ತೆ ಅಳೆಯಿರಿ. ಉದ್ದ ಬದಲಾಗದಿದ್ದರೆ ಒಳ್ಳೆಯದು. ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ ಆ ತೋಟಾ ಆ ಕೋವಿಗೆ ಅಲ್ಲ, ಎಷ್ಟೇ ಹೆಸರುವಾಸಿಯಾಗಿದ್ದರೂ. ಹೊದಿಕೆಯಿಲ್ಲದ ಸೀಸದ ಭಾರದ ಗುಂಡು ಹೀಗೆ ಬೇಗ ಜಾರುತ್ತದೆ. ಪಿಸ್ತೂಲಿಗೆಂದು ಮಾಡಿದ 9 ಎಂಎಂ ತೋಟಾಗಳ ಹಿಡಿತ ರಿವಾಲ್ವರ್‌ನ ಒದೆತವನ್ನು ಲೆಕ್ಕಕ್ಕಿಟ್ಟು ಮಾಡಿದ್ದಲ್ಲ, ಅವನ್ನಂತೂ ಅಳೆಯದೆ ನಂಬಬೇಡಿ.

ಕೆಲವು ಕೋವಿಗಳಲ್ಲಿ ಮಿತಿಯನ್ನು ತಯಾರಕರೇ ಕೆತ್ತಿರುತ್ತಾರೆ. ಮೇಲೆ ಹೇಳಿದ 340 ಪಿಡಿಯ ನಳಿಗೆಯ ಮೇಲೆ ಮ್ಯಾಗ್ನಮ್‌ನಲ್ಲಿ 120 ಗ್ರೇನ್‌ಗಿಂತ ಹಗುರದ ಗುಂಡು ಬೇಡ ಎಂಬ ಸೂಚನೆಯೇ ಇದೆ.

ಹೆಜ್ಜೆ 7: ಖಾಲಿ ಕೊಳವೆ ಹೊರಬೀಳುತ್ತದೆಯೇ?

ಗಿಡ್ಡ ನಳಿಗೆಯ ಅಡಿಯಲ್ಲಿ ಹೊರತಳ್ಳುವ ಕಡ್ಡಿಗೂ ಜಾಗ ಗಿಡ್ಡವೇ. ಉದ್ದನೆಯ .357 ಕೊಳವೆಗಳನ್ನು ಅದು ಪೂರ್ತಿ ಹೊರತಳ್ಳಲಾರದು, ಒಂದೆರಡು ಅರ್ಧಕ್ಕೆ ನಿಂತುಬಿಡುತ್ತವೆ. .38 ಗಿಡ್ಡವಾದ್ದರಿಂದ ಎಷ್ಟೋ ವಾಸಿ, ಆದರೂ ಮೂತಿಯನ್ನು ಆಕಾಶಕ್ಕೆ ಮಾಡಿ ಕಡ್ಡಿಯನ್ನು ಅಂಗೈಯಿಂದ ಒಂದೇ ಸಲ ಬಲವಾಗಿ ಬಡಿಯಬೇಕು. ಮೆಲ್ಲಗೆ ಒತ್ತಿದರೆ ಒಂದು ಕೊಳವೆ ನಕ್ಷತ್ರದ ಕೆಳಗೆ ನುಸುಳಿ ಕೂರುತ್ತದೆ, ತೆಗೆಯಲು ಉಗುರು ಬೇಕಾಗುತ್ತದೆ. ಆರಿಸಿದ ಕ್ಯಾಲಿಬರ್‌ನಲ್ಲಿ ಇದನ್ನು ಹತ್ತು ಸಲ ಮಾಡಿ ನೋಡಿ.

ಕೋವಿ ಮನೆಗೆ ಬಂದ ಮೇಲೆ, ಮೈಮೇಲಿಲ್ಲದಾಗ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಹೊತ್ತು ತಿರುಗುವ ಐದು ತೋಟಾಗಳನ್ನು ಆರು ತಿಂಗಳಿಗೊಮ್ಮೆ ಅಭ್ಯಾಸದಲ್ಲಿ ಹಾರಿಸಿ ಹೊಸತು ತುಂಬಿ. ಬೆವರು, ಜೇಬಿನ ನೂಲುಧೂಳು, ಉಜ್ಜಿದ ಎಣ್ಣೆ ಪ್ರೈಮರ್‌ನ ಸುತ್ತ ಸೇರಿಕೊಳ್ಳುತ್ತವೆ. ಕೋವಿಗೆ ಎಣ್ಣೆ ಹಚ್ಚಿದ ದಿನ ಖಾನೆಗಳನ್ನು ಒಣಬಟ್ಟೆಯಲ್ಲಿ ಒರೆಸಿದ ಮೇಲೆಯೇ ತೋಟಾ ಹಾಕಿ.